ತಿರುವಿಗೆ ಮುನ್ನ



ನಾಗರಿಕ ಸೇವಾ ಪರೀಕ್ಷೆಯ ಕೋಚಿಂಗ್ ತರಗತಿಗಳಿಗೆ ಹೆಸರಾದ ದೆಹಲಿಯ ಈ ಮುಖರ್ಜಿ ನಗರದಲ್ಲಿ ವಿಡಿಯೊ ಗೇಮನ್ನು ಕುರಿತು ವಿಚಾರಸಂಕಿರಣವೇ ಎಂದು ಹುಬ್ಬೇರಿಸುವವರು ಇದ್ದಾರು. ಕಣ್ಣು, ಕಿವಿ, ಕೈಗಳು ಏಕಕಾಲದಲ್ಲಿ ಬುದ್ಧಿಯ ಆಜ್ಞೆಗೆ ಒಳಪಟ್ಟು ಕ್ಷಣಾರ್ಧದಲ್ಲಿ ವಿವೇಚನೆಯಿಂದ ವರ್ತಿಸಬೇಕಾದ ಯಾವ ವಿದ್ಯೆಯೇ ಆಗಲಿ, ಅದು ಶಾಸ್ತ್ರೀಯ ಪರಿಶೀಲನೆಗೆ ಸರ್ವಥಾ ಅರ್ಹವೆಂಬುದು ನನ್ನ ದೃಢವಾದ ನಂಬುಗೆ.

ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಯಮುನೆಯಾಚೆ, ಗ್ರೇಟರ್ ನೋಯ್ಡಾದಲ್ಲಿ, ಜರ್ಮನಿಯ ಹರ್ಮನ್ ಟಿಲ್ಕೆ ರೂಪಿಸಿದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ, ಉದ್ದ 5.125 ಕಿಲೋಮೀಟರು, ತಿರುವುಗಳು 16. ಅಲ್ಲಿ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆದದ್ದು 2011ರ ಅಕ್ಟೋಬರ್ 30ರಂದು. ಕೋಡ್‌ಮಾಸ್ಟರ್ಸ್ ಸಂಸ್ಥೆಯ ‘ಎಫ್1 2011’ ಗೇಮು ಸೆಪ್ಟೆಂಬರಿನಲ್ಲಿಯೇ ಹೊರಬಂದಿದ್ದುದರಿಂದ, ಸೆಬಾಸ್ಟಿಯನ್ ವೆಟ್ಟೆಲ್ ಆ ಪಂದ್ಯವನ್ನು ಗೆಲ್ಲುವುದಕ್ಕೆ ಮೊದಲೇ ಸಾಮಾನ್ಯ ಆಟಗಾರರು ಆ ಮಾರ್ಗವನ್ನು ಪರದೆಯ ಮೇಲೆ ಕ್ರಮಿಸಿದ್ದರು.

ಅದರ ನಾಲ್ಕನೆಯ ತಿರುವನ್ನು ಪರಿಶೀಲಿಸೋಣ. ಒಂದು ಕಿಲೋಮೀಟರಿಗೂ ಮಿಕ್ಕ ನೇರದಾರಿಯಲ್ಲಿ, ಏಳನೆಯ ಗೇರಿನಲ್ಲಿ, ಗಂಟೆಗೆ 300 ಕಿಲೋಮೀಟರನ್ನು ಮೀರಿದ ವೇಗದಿಂದ ಧಾವಿಸಿ ಬಂದ ಕಾರು ಬಲಕ್ಕೆ ತೀಕ್ಷ್ಣವಾಗಿ ಹೊರಳಬೇಕು. ತಿರುವಿನಲ್ಲಿ ಬೇಕಾಗುವ ಪಾರ್ಶ್ವಬಲವು ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುವುದು. ಟಯರಿನ ಹಿಡಿತವಾದರೋ ಪರಿಮಿತವಾದುದು, ಅದನ್ನು ಬ್ರೇಕಿಗೂ ಸ್ಟಿಯರಿಂಗಿಗೂ ಹಂಚಿಕೊಡಬೇಕು. ಆದಕಾರಣ ಕುಶಲನಾದ ಆಟಗಾರನು ರಸ್ತೆಯ ಎಡ ಅಂಚನ್ನು ಹಿಡಿದು, ಕಾರು ನೇರವಾಗಿರುವಾಗಲೇ ಬ್ರೇಕನ್ನು ಬಲವಾಗಿ ಒತ್ತಿ, ವೇಗ ತಗ್ಗಿದಂತೆಲ್ಲ ಒಂದೊಂದೇ ಗೇರನ್ನು ಇಳಿಸುತ್ತ, ಸ್ಟಿಯರಿಂಗ್ ತಿರುಗಿದಷ್ಟೂ ಬ್ರೇಕನ್ನು ಸಡಿಲಿಸುತ್ತ ಒಳ ಅಂಚನ್ನು ಸವರಿ, ಅನಂತರ ಹೊರ ಅಂಚಿನತ್ತ ಕಾರನ್ನು ಬಿಟ್ಟು ಆಕ್ಸಿಲರೇಟರನ್ನು ಮೆಲ್ಲಮೆಲ್ಲನೆ ಒತ್ತುವನು. ಗೇರನ್ನು ಆತುರದಿಂದ ಇಳಿಸಿದನೋ, ಎಂಜಿನ್ನಿನ ತಡೆಯಿಂದಲೇ ಹಿಂಬದಿಯ ಚಕ್ರಗಳು ಹಿಡಿತ ತಪ್ಪಿ ಕಾರು ಗಿರ್ರನೆ ಸುತ್ತಿಬಿಡುವುದು. ಇಳಿಸದೆ ಉಳಿದನೋ, ತಿರುವಿನಿಂದ ಹೊರಬರುವಾಗ ಎಂಜಿನ್ನಿಗೆ ಕಸುವು ಸಾಲದು.

ಆಟೊಮ್ಯಾಟಿಕ್ ಗೇರಿನಿಂದಲೂ ಇದೆಲ್ಲ ಆಗದೆ ಎಂದು ಕೇಳಬಹುದು. ಆದೀತು, ಆದರೆ ಅದು ಸಾಮಾನ್ಯವಾಗಿ ಎಂಜಿನ್ನು ಈ ಕ್ಷಣದಲ್ಲಿ ಎಷ್ಟು ಸುತ್ತುತ್ತಿದೆ ಎಂಬುದನ್ನು ಬಲ್ಲುದೇ ಹೊರತು ಎದುರಿಗೆ ಬರಲಿರುವ ತಿರುವನ್ನು ಅರಿಯದು. ಹಿಂದಿನ ಚಕ್ರಗಳು ಜಾರದಿರಲೆಂದು ಸ್ವಲ್ಪ ಮೊದಲೇ ಗೇರನ್ನು ಏರಿಸುವ ದೂರದೃಷ್ಟಿ ಕೈಗೇರು ಹಾಕುವವನಿಗೆ ಮಾತ್ರ ಸಾಧ್ಯ.

ಇಷ್ಟಕ್ಕಿಂತಲೂ ಮಹತ್ತ್ವದ್ದೆಂದು ನಾನು ಭಾವಿಸುವ ಸಂಗತಿ ಇನ್ನೊಂದಿದೆ. ನಿಜವಾದ ಚಾಲಕನಿಗೆ ವೇಗದ ಸುದ್ದಿಯನ್ನು ಅವನ ಬೆನ್ನು, ಕತ್ತು, ಪಕ್ಕೆಗಳೇ ತಿಳಿಸುತ್ತವೆ. ಪರದೆಯ ಮುಂದೆ ಕುಳಿತವನ ಕುರ್ಚಿಯಾದರೋ ಅಲುಗುವುದಿಲ್ಲ. ದೇಹಕ್ಕೆ ಒದಗದ ಆ ಜ್ಞಾನವನ್ನು ಅವನು ಬಹುಮಟ್ಟಿಗೆ ಎಂಜಿನ್ನಿನ ನಾದದಿಂದ ಪಡೆಯಬೇಕು. ಗಾಯಕನು ತಂಬೂರಿಗೆ ಕಿವಿಗೊಡುವಂತೆ ಆ ಸ್ಥಾಯಿಯ ಏರಿಳಿತಕ್ಕೆ ಕಿವಿಗೊಟ್ಟವನು ಅಂಕಿಯತ್ತ ಕಣ್ಣು ಹೊರಳಿಸದೆಯೇ ತಾನು ಯಾವ ಗೇರಿನಲ್ಲಿರುವೆನೆಂದು ಅರಿಯಬಲ್ಲನು. ಅವನ ಕಣ್ಣು ತಿರುವನ್ನು ನೋಡಲು ಬಿಡುವಾಗುವುದು.

ಪ್ರಬಂಧಗಳನ್ನು ಮಂಡಿಸಲಿರುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ಯಾವ ತಿರುವಿನಲ್ಲಿ, ಯಾವ ಗುರುತಿನ ಬಳಿ ಬ್ರೇಕು ಹಿಡಿದಿರಿ, ಯಾವ ಗೇರಿಗೆ ಇಳಿದಿರಿ, ಏನನ್ನು ಕೇಳಿ ಹಾಗೆ ನಿರ್ಧರಿಸಿದಿರಿ ಎಂಬುದನ್ನು ಸವಿವರವಾಗಿ, ಕನ್ನಡದಲ್ಲಿಯೇ ಬರೆದಿಡಿರಿ. ಹೊಸದಾಗಿ ಕಲಿಯುವವರಿಗೆ ಅಂಥ ಬರಹದ ಅಗತ್ಯ ಬಹಳವಾಗಿದೆ.