ನೋಡಿ ನಂಬುವ ಹಕ್ಕು



ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಮಂದಿ ಎಂಬ ವಿಷಯದಲ್ಲಿ ಸರ್ಕಾರದ ಲೆಕ್ಕ ಒಂದಾಯಿತು, ಜನರ ಲೆಕ್ಕ ಇನ್ನೊಂದಾಯಿತು. ಮೈಸೂರು ಸರ್ಕಾರ ತನಿಖಾ ಸಮಿತಿಯನ್ನೇನೋ ನೇಮಿಸಿತು. ಆದರೆ ಸರ್ಕಾರದ ಕಾಗದಪತ್ರಗಳನ್ನು ಕೇಳಿ ಪಡೆಯುವ ಹಕ್ಕು ಅಂದಿನ ಪ್ರಜೆಗೆ ಇರಲಿಲ್ಲ. ಹೇಳಿದ್ದನ್ನು ನಂಬಬೇಕು, ಇಲ್ಲವೇ ಅನುಮಾನ ಪಡಬೇಕು. ಮೂರನೆಯ ದಾರಿ ಇರಲಿಲ್ಲ.

ಆ ಮೂರನೆಯ ದಾರಿಯೇ ಮಾಹಿತಿ ಹಕ್ಕು. ಸಾರ್ವಜನಿಕ ಅಧಿಕಾರಿಗಳು ಮಾಡುವ ಸಾರ್ವಜನಿಕ ಕೆಲಸಗಳನ್ನು ತಿಳಿಯುವ ಹಕ್ಕು ಜನರಿಗಿದೆ ಎಂದು ಸುಪ್ರೀಂ ಕೋರ್ಟು 1975ರಲ್ಲಿ ರಾಜ್ ನಾರಾಯಣ್ ಪ್ರಕರಣದಲ್ಲಿ ಹೇಳಿತು. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳ ಕೂಲಿಕಾರರು, ತಮ್ಮ ಹೆಸರಿನಲ್ಲಿ ಬರೆದಿದ್ದ ಕೂಲಿಯ ಲೆಕ್ಕವನ್ನು ತೋರಿಸಿ ಎಂದು ಚಳವಳಿ ಹೂಡಿದರು. ಕರ್ನಾಟಕ 2000ದಲ್ಲಿಯೇ ತನ್ನದೊಂದು ಕಾಯ್ದೆ ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವ ಮಾಹಿತಿ ಹಕ್ಕು ಅಧಿನಿಯಮ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದಿತು.

ಈ ಹಕ್ಕಿನಿಂದ ನಮಗೇನು ಪ್ರಯೋಜನ? ನಮ್ಮ ಜಿಲ್ಲೆಯ ಕೆರೆಗಳನ್ನೇ ನೋಡೋಣ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಶಾಶ್ವತವಾಗಿ ಹರಿಯುವ ನದಿ ಇಲ್ಲ. ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತಲೇ ಹೋದವು. ಹಲವೆಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಯಿತು. ಆಗ ಬಂದದ್ದು ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ 65 ಕೆರೆಗಳಿಗೆ ಹರಿಸುವುದು ಅದರ ಉದ್ದೇಶ. ಕೋಲಾರದ ಕಡೆಗೆ ಇಂಥದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ ಇದೆ. ಅದರ ನೀರಿನಲ್ಲಿ 2018ರಲ್ಲಿ ನೊರೆ ಕಾಣಿಸಿಕೊಂಡಾಗ ವಿವಾದ ಹೈಕೋರ್ಟಿಗೂ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು.

ಅಂತರ್ಜಲ ಹೆಚ್ಚಿಸಲು ಎರಡು ಹಂತದ ಸಂಸ್ಕರಣೆ ಸಾಕು ಎಂಬುದು ಸರ್ಕಾರದ ಮಾತು. ಮೂರನೆಯ ಹಂತವೂ ಬೇಕು ಎಂಬುದು ಹಲವರ ಬೇಡಿಕೆ. ಕೆರೆ ತುಂಬಿದ್ದನ್ನು ಕಂಡು ಸಂತೋಷಪಡುವ ರೈತನಿಗೂ, ದನ ಕುಡಿದರೆ ಏನಾದೀತೋ ಎಂದು ಹೆದರುವ ರೈತನಿಗೂ ಬೇಕಾದದ್ದು ಒಂದೇ: ನೀರಿನ ಪರೀಕ್ಷೆಯ ವರದಿ. ಯಾವ ತಾರೀಖು, ಯಾವ ಕೆರೆ, ಯಾವ ಅಂಶ ಎಷ್ಟು? ಇದಕ್ಕೆ ಭಾಷಣ ಉತ್ತರವಲ್ಲ, ಕಾಗದ ಉತ್ತರ.

ಆ ಕಾಗದವನ್ನು ಕೇಳುವುದು ಕಷ್ಟವಲ್ಲ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು 10 ರೂಪಾಯಿ ಶುಲ್ಕದೊಂದಿಗೆ ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಬೇಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಏಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಪ್ರಾಣ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯೊಳಗೆ. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕಬೇಕು. ಸರ್ಕಾರಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದರಲ್ಲಿದೆ.

ಒಂದು ಎಚ್ಚರಿಕೆ. ಕಾಯ್ದೆ ಕೊಡುವುದು ದಾಖಲೆಯನ್ನು, ಅಭಿಪ್ರಾಯವನ್ನಲ್ಲ. "ನಮ್ಮ ಕೆರೆ ಏಕೆ ಕೆಟ್ಟಿದೆ?" ಎಂದು ಕೇಳಿದರೆ ಉತ್ತರ ಸಿಗದೆ ಹೋಗಬಹುದು. "ಕಳೆದ ವರ್ಷದ ನೀರಿನ ಪರೀಕ್ಷೆಯ ವರದಿಗಳ ಪ್ರತಿ ಕೊಡಿ" ಎಂದು ಕೇಳಿ. ದೇಶದ ಭದ್ರತೆ, ಪರರ ಖಾಸಗಿ ಬದುಕು ಮುಂತಾದವುಗಳಿಗೆ ವಿನಾಯಿತಿ ಇದೆ. ನೆರೆಯವನನ್ನು ಕಾಡಲು ಈ ಹಕ್ಕನ್ನು ಬಳಸಿದರೆ, ನಿಜವಾಗಿ ಬೇಕಾದವನ ಅರ್ಜಿ ಹಿಂದೆ ಬೀಳುತ್ತದೆ.

ಇನ್ನೊಂದು ಮಾತು. ಜನ ಕೇಳುವ ಮೊದಲೇ ಮಾಹಿತಿಯನ್ನು ಪ್ರಕಟಿಸಬೇಕೆಂದು ಇದೇ ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ. ಕೆರೆಯ ವರದಿ ಪಂಚಾಯಿತಿಯ ಫಲಕದಲ್ಲಿ ತಿಂಗಳು ತಿಂಗಳೂ ಕಾಣಿಸಿದರೆ ಅರ್ಜಿ ಏಕೆ ಬೇಕು? ವರದಿ ಚೆನ್ನಾಗಿದ್ದರೆ ಹೆದರಿಕೆ ಹೋಗುತ್ತದೆ. ಕೆಟ್ಟಿದ್ದರೆ ಸರಿಪಡಿಸಲು ಕಾಲ ಸಿಗುತ್ತದೆ. ಬಚ್ಚಿಟ್ಟರೆ ಮಾತ್ರ, ಒಳ್ಳೆಯ ನೀರನ್ನೂ ಜನ ಅನುಮಾನಿಸುತ್ತಾರೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಮ್ಮೆ ಹೋಗಿ ನೋಡಿ. ಗೂಡನ್ನು ಕೈಗೆತ್ತಿಕೊಂಡು ನೋಡದೆ ಯಾವ ರೀಲರೂ ಬೆಲೆ ಹೇಳುವುದಿಲ್ಲ. ಅದನ್ನು ಯಾವ ರೈತನೂ ಅವಮಾನವೆಂದು ತಿಳಿಯುವುದಿಲ್ಲ; ನೋಡಿ ಕೊಂಡವನೇ ನಾಳೆಯೂ ಬರುತ್ತಾನೆಂದು ಅವನಿಗೆ ಗೊತ್ತು. ಸರ್ಕಾರ ಮತ್ತು ಪ್ರಜೆಯ ನಡುವಿನ ನಂಬಿಕೆಯೂ ಹಾಗೆಯೇ. ಈ ಹಕ್ಕು ಎಲ್ಲ ನಾಗರಿಕರದು. ಕಾಯ್ದೆಯಲ್ಲಿ ವಯಸ್ಸಿನ ಮಿತಿ ಇಲ್ಲ. ನಿಮ್ಮೂರಿನ ಕೆರೆಯ ಬಗ್ಗೆ ಮೊದಲ ಅರ್ಜಿಯನ್ನು ನೀವೇ ಬರೆಯಬಹುದು.