ಟಚ್‌ಪ್ಯಾಡ್ ನಿಂತುಹೋಯ್ತಾ? ದುಡ್ಡು ಕೊಡೋ ಮೊದಲು ಇದನ್ನ ನೋಡಿ

ಪುಣೆಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಚಿಕ್ಕದು: ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಇದ್ದಕ್ಕಿದ್ದಂತೆ ನಿಂತುಹೋದರೆ ಏನು ಮಾಡಬೇಕು ಅಂತ.

ಕಳೆದ ಜುಲೈನ ಒಂದು ಶನಿವಾರ. ವಾಕಡ್‌ನಲ್ಲಿ ಬೆಳಗ್ಗೆಯಿಂದ ಮಳೆ. ಒಂಬತ್ತೂವರೆಗೆ ಮೇಲಿನ ಮಹಡಿಯ ಹುಡುಗ ಬಾಗಿಲು ತಟ್ಟಿದ. ಬಾಗಲಕೋಟೆ ಕಡೆಯವನು. ಹಿಂಜವಡಿಯಲ್ಲಿದ್ದ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಹನ್ನೊಂದಕ್ಕೆ ಆನ್‌ಲೈನ್ ಇಂಟರ್‌ವ್ಯೂ, ಕೊನೆಯ ಸುತ್ತು.

"ಅಣ್ಣಾರ, ಕರ್ಸರ್ ಅಳ್ಳಾಡವಲ್ದು ನೋಡ್ರಿ. ನಿನ್ನೆ ಅಂಗಡ್ಯಾಗ ತೋರಿಸಿದ್ರ 'ಬದಲಾವಾ ಲಾಗೇಲ್' ಅಂದ, ಮೂರೂವರೆ ಸಾವಿರ ಕೇಳಿದ. ಊರಿಗೆ ಈ ತಿಂಗಳ ರೊಕ್ಕಾನ ಇನ್ನಾ ಕಳಿಸಿಲ್ರಿ."

ಅವನ ಮೌಸ್ ಗೆಳೆಯನ ರೂಮಿನಲ್ಲಿ, ನನ್ನದು ಆಫೀಸಿನಲ್ಲಿ. ಸರಿ, ಕೀಬೋರ್ಡ್ ಇದೆಯಲ್ಲ, ಸಾಕು ಅಂದೆ.

ಮೊದಲು ಟಚ್‌ಪ್ಯಾಡ್ ಉಬ್ಬಿದೆಯಾ ಅಂತ ನೋಡಿದೆ. ಇದು ಮುಖ್ಯ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಹಾಗಿದ್ದರೆ ಒತ್ತಬೇಡಿ, ಚಾರ್ಜರ್ ತೆಗೆದು ಆಫ್ ಮಾಡಿ ಸರ್ವಿಸ್ ಸೆಂಟರ್‌ಗೆ ಕೊಡಿ. ಅಲ್ಲಿ ಸೆಟ್ಟಿಂಗ್ಸ್ ಕೆಲಸಕ್ಕೆ ಬರಲ್ಲ. ಇವನದು ಸಮತಟ್ಟಾಗಿತ್ತು. ಮಳೆಗಾಲ ಅಲ್ವಾ, ಒದ್ದೆ ಬೆರಳಿಗೂ ಟಚ್‌ಪ್ಯಾಡ್ ಸರಿಯಾಗಿ ಸ್ಪಂದಿಸಲ್ಲ. ಒಣ ಬಟ್ಟೆಯಲ್ಲಿ ಒರೆಸಿದೆ. ರೀಸ್ಟಾರ್ಟ್ ಮಾಡಿದೆ. ಏನೂ ಆಗಲಿಲ್ಲ.

ಎರಡನೆಯದು, ಮೇಲಿನ ಎಫ್ ಸಾಲಿನ ಕೀಗಳು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದರಲ್ಲೊಂದರ ಮೇಲೆ ಟಚ್‌ಪ್ಯಾಡ್ ಚಿತ್ರ ಇರುತ್ತೆ. ಎಫ್‌ಎನ್ ಜೊತೆ ಅದನ್ನ ಗೊತ್ತಿಲ್ಲದೆ ಒತ್ತಿದರೆ ಟಚ್‌ಪ್ಯಾಡ್ ಆಫ್. ಮತ್ತೆ ಒತ್ತಿದರೆ ಆನ್. ಇವನ ಲ್ಯಾಪ್‌ಟಾಪ್‌ನಲ್ಲಿ ಆ ಕೀ ಇರಲೇ ಇಲ್ಲ.

ಮೂರನೆಯದು ಸೆಟ್ಟಿಂಗ್ಸ್. ವಿಂಡೋಸ್ ಕೀ ಒತ್ತಿ, 'ಟಚ್‌ಪ್ಯಾಡ್ ಸೆಟ್ಟಿಂಗ್ಸ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಟ್ಯಾಬ್ ಕೀ ಒತ್ತುತ್ತಾ ಮುಂದಕ್ಕೆ ಹೋಗಿ, ಬದಲಾಯಿಸೋಕೆ ಸ್ಪೇಸ್ ಬಾರ್. ಟಚ್‌ಪ್ಯಾಡ್ ಆನ್ ಅಂತಲೇ ತೋರಿಸ್ತಿತ್ತು. ಅದರ ಕೆಳಗೆ 'ಲೀವ್ ಟಚ್‌ಪ್ಯಾಡ್ ಆನ್ ವೆನ್ ಎ ಮೌಸ್ ಈಸ್ ಕನೆಕ್ಟೆಡ್' ಅಂತ ಒಂದು ಸಾಲು. ಅದರ ಟಿಕ್ ತೆಗೆದಿತ್ತು.

"ಇದನ್ನ ಯಾರು ತೆಗೆದದ್ದು?"

"ನಾನಽ ರೀ. ಟೈಪ್ ಮಾಡೋವಾಗ ಅಂಗೈ ತಾಗಿ ಕರ್ಸರ್ ಜಿಗೀತಿತ್ತು. ಆದ್ರ ಈಗ ಮೌಸ್ ಹಚ್ಚಿಲ್ಲಲ್ರಿ?"

ಲ್ಯಾಪ್‌ಟಾಪ್ ತಿರುಗಿಸಿ ನೋಡಿದೆ. ಉಗುರಿನಷ್ಟು ಚಿಕ್ಕ ವೈರ್‌ಲೆಸ್ ಮೌಸಿನ ರಿಸೀವರ್ ಯುಎಸ್‌ಬಿಯಲ್ಲೇ ಕೂತಿತ್ತು! ಮೌಸ್ ಎಲ್ಲೇ ಇರಲಿ, ಲ್ಯಾಪ್‌ಟಾಪ್ ಪಾಲಿಗೆ ಆ ರಿಸೀವರೇ ಮೌಸ್. ಅದು ಇರೋವರೆಗೂ ಟಚ್‌ಪ್ಯಾಡ್ ಬಂದ್. ರಿಸೀವರ್ ಕಿತ್ತ ತಕ್ಷಣ ಕರ್ಸರ್ ಓಡಾಡಿತು. ಟಿಕ್ಕನ್ನೂ ಮತ್ತೆ ಹಾಕಿದೆ. ಕರ್ಸರ್ ಜಿಗಿಯೋ ಕಾಟಕ್ಕೆ ಅದೇ ಪುಟದಲ್ಲಿ ಟಚ್‌ಪ್ಯಾಡ್ ಸೆನ್ಸಿಟಿವಿಟಿಯನ್ನ ಲೋ ಮಾಡಿದೆ.

ಇಷ್ಟಕ್ಕೂ ಸರಿಹೋಗದಿದ್ದರೆ ವಿಂಡೋಸ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಆಮೇಲೆ ಎಂ ಒತ್ತಿ. ಡಿವೈಸ್ ಮ್ಯಾನೇಜರ್ ತೆರೆಯುತ್ತೆ. ಅಲ್ಲಿ ಟಚ್‌ಪ್ಯಾಡ್ ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ, ಡ್ರೈವರ್ ಅಪ್‌ಡೇಟ್ ಮಾಡಿ. ಆಫೀಸ್ ಲ್ಯಾಪ್‌ಟಾಪ್ ಆದರೆ ಇಲ್ಲಿಗೆ ಕೈ ಹಾಕಬೇಡಿ, ಐಟಿಯವರಿಗೆ ಟಿಕೆಟ್ ಹಾಕಿ.

ಆ ಕೆಲಸ ಅವನಿಗೆ ಸಿಗಲಿಲ್ಲ. ಮುಂದಿನ ತಿಂಗಳು ಖರಾಡಿಯಲ್ಲಿ ಬೇರೆಯದು ಸಿಕ್ಕಿತು. ಆದರೆ ಆ ಮೂರೂವರೆ ಸಾವಿರ ಮಾತ್ರ ಅಂಗಡಿಗೆ ಹೋಗಲಿಲ್ಲ, ಅವತ್ತೇ ಸಂಜೆ ಊರಿಗೆ ಹೋಯಿತು.

ಯಂತ್ರ ಕೆಟ್ಟಿದೆ ಅನ್ನೋ ಮೊದಲು, ನಾವೇ ಹಿಂದೆ ಅದಕ್ಕೆ ಏನು ಹೇಳಿದ್ದೆವು ಅಂತ ಒಮ್ಮೆ ನೆನಪಿಸಿಕೊಳ್ಳೋಣ.