ಮಹಾಗಣಕಯಂತ್ರವೂ ವಿದುಷಿಯರೂ



ಕೆರೆಯನ್ನು ಕಟ್ಟಿಸಿದವರ ಹೆಸರು ಶಿಲಾಶಾಸನದಲ್ಲಿ ನಿಲ್ಲುವುದು. ಏರಿಗೆ ಮಣ್ಣು ಹೊತ್ತವರ ಹೆಸರು ನಿಲ್ಲುವುದು ಅಪೂರ್ವ. ಕೆರೆಕಟ್ಟೆಗಳ ವಿಷಯದಲ್ಲಿ ಮಾತ್ರವಲ್ಲ, ಜ್ಞಾನದ ವಿಷಯದಲ್ಲಿಯೂ ಹೀಗಾಗುವುದುಂಟು. ಮಹಾಗಣಕಯಂತ್ರಗಳಿಂದ, ಎಂದರೆ ಸೂಪರ್‌ಕಂಪ್ಯೂಟರುಗಳಿಂದ, ನಡೆಯುವ ಸಂಶೋಧನೆಯಲ್ಲಿ ಸ್ತ್ರೀಯರು ವಹಿಸಿದ ಪಾತ್ರವನ್ನು ಪರ್ಯಾಲೋಚಿಸಿದರೆ ಈ ಮಾತಿನ ಸತ್ಯವು ಮನದಟ್ಟಾಗದೆ ಇರದು.

ಅಮೆರಿಕಾ ದೇಶದಲ್ಲಿ 1928ರಲ್ಲಿ ಗ್ರೀಕ್ ಮನೆತನದಲ್ಲಿ ಜನಿಸಿದ ಮೇರಿ ತ್ಸಿಂಗು ಎಂಬ ವಿದುಷಿಯು ಗಣಿತವನ್ನು ವ್ಯಾಸಂಗಮಾಡಿ, ಲಾಸ್ ಅಲಾಮೋಸಿನ ಪ್ರಯೋಗಶಾಲೆಯನ್ನು ಸೇರಿದಳು. ಕೊರಿಯಾ ಯುದ್ಧದ ನಿಮಿತ್ತ ತರುಣರು ದೊರೆಯದಿದ್ದ ಕಾಲವದು. ಮೊದಲು ಕೈಲೆಕ್ಕದ ಕಾರ್ಯದಲ್ಲಿ ನಿಯುಕ್ತಳಾದ ಆಕೆಯು ಬೇಗನೆ ಮೇನಿಯಾಕ್ ಎಂಬ ಹೊಸ ಗಣಕಯಂತ್ರದ ಕೆಲಸದಲ್ಲಿ ಪರಿಣತಳಾದಳು. ಆ ಯಂತ್ರದ ಜ್ಞಾಪಕಶಕ್ತಿಯು ಬಹು ಅಲ್ಪ; ಅದಕ್ಕೆ ಸೂತ್ರಗಳು ತಿಳಿಯವು. ಪ್ರತಿಯೊಂದು ಸೂತ್ರವನ್ನೂ ಕೂಡುವ, ಗುಣಿಸುವ, ಇರಿಸುವ, ತೆಗೆಯುವ ಸಣ್ಣಸಣ್ಣ ಹೆಜ್ಜೆಗಳನ್ನಾಗಿ ಬಿಡಿಸಿ ಒಪ್ಪಿಸಬೇಕಾಗಿದ್ದಿತು.

ಎನ್ರಿಕೊ ಫರ್ಮಿ, ಜಾನ್ ಪಾಸ್ಟಾ, ಸ್ಟಾನಿಸ್ಲಾವ್ ಉಲಾಂ ಎಂಬ ಮೂವರು ವಿದ್ವಾಂಸರಿಗೆ ಆಗ ಒಂದು ಪ್ರಶ್ನೆಯು ತೋರಿದ್ದಿತು. ಸಾಲಾಗಿ ನಿಂತ ಮಣಿಗಳನ್ನು ಸ್ಪ್ರಿಂಗುಗಳಿಂದ ಜೋಡಿಸಿ ಒಂದೇ ಬಗೆಯ ಕಂಪನವನ್ನು ಕೊಟ್ಟರೆ, ಆ ಶಕ್ತಿಯು ಕಾಲಕ್ರಮದಲ್ಲಿ ಎಲ್ಲ ಬಗೆಯ ಕಂಪನಗಳಿಗೂ ಸಮನಾಗಿ ಹಂಚಿಹೋಗುವುದೇ? ಸ್ಪ್ರಿಂಗಿನ ಬಲವು ಅದರ ಹಿಗ್ಗಿಗೆ ಸರಿಯಾಗಿ ಅನುಪಾತದಲ್ಲಿಲ್ಲದಿದ್ದರೆ ಹಂಚಿಹೋಗಲೇಬೇಕೆಂದು ಅವರು ನಿರೀಕ್ಷಿಸಿದ್ದರು. ತ್ಸಿಂಗುವು ಈ ಪ್ರಶ್ನೆಯನ್ನು ಯಂತ್ರದ ಭಾಷೆಗೆ ಇಳಿಸಿ ಲೆಕ್ಕವನ್ನು ನಡೆಯಿಸಿದಳು. ಫಲವು ಎಲ್ಲರನ್ನೂ ಬೆರಗುಗೊಳಿಸಿತು. ಶಕ್ತಿಯು ಕೆಲವೇ ಕಂಪನಗಳಲ್ಲಿ ಸುತ್ತಾಡಿ, ಬಹುಮಟ್ಟಿಗೆ ಮೊದಲಿನ ಕಂಪನಕ್ಕೇ ಹಿಂದಿರುಗಿತು! ಇದರ ರಹಸ್ಯವನ್ನು ಅರಸುತ್ತ ಹೊರಟ ಜಬುಸ್ಕಿ, ಕ್ರುಸ್ಕಲ್ ಎಂಬವರು 1965ರಲ್ಲಿ ಸಾಲಿಟಾನ್ ಎಂಬ, ರೂಪಗೆಡದೆ ಸಾಗುವ ಅಲೆಯ ವಿಚಾರವನ್ನು ಪ್ರಕಟಿಸಿದರು.

1955ರ ವರದಿಯಲ್ಲಿ ಬರೆದವರು ಮೂವರೆಂದೂ, ಕೆಲಸಮಾಡಿದವರು ತ್ಸಿಂಗುವೂ ಸೇರಿ ನಾಲ್ವರೆಂದೂ ನಮೂದಿಸಿದೆ. ವಂದನೆಯು ಅಡಿಟಿಪ್ಪಣಿಯಲ್ಲಿದೆ. ಆದರೆ ಲೋಕವು ಅಡಿಟಿಪ್ಪಣಿಯನ್ನು ಓದಲಿಲ್ಲ. ಸಮಸ್ಯೆಗೆ ಮೂವರ ಹೆಸರೇ ರೂಢವಾಯಿತು. 2008ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ತಿಯರಿ ದೋಕ್ಸ್ವಾ ಲೇಖನವೊಂದನ್ನು ಬರೆದು, ನಾಲ್ಕನೆಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದರು. ಅಷ್ಟರಲ್ಲಿ 53 ವರ್ಷಗಳು ಸಂದಿದ್ದುವು. ಇಲ್ಲಿ ಯಾರೊಬ್ಬರ ಕಪಟವೂ ಇರಲಿಲ್ಲ. ಪ್ರಶ್ನೆ ಕೇಳುವುದೇ ವಿದ್ಯೆ, ಯಂತ್ರಕ್ಕೆ ಪಾಠ ಹೇಳುವುದು ಬರಿಯ ದುಡಿಮೆ ಎಂಬ ಭಾವನೆಯೇ ಈ ಮರೆವಿಗೆ ಕಾರಣವಾಯಿತು.

ಈ ಭಾವನೆಯು ಎಷ್ಟು ತಪ್ಪೆಂಬುದನ್ನು ಇಂದಿನ ಯಂತ್ರಗಳೇ ಸಾರುತ್ತಿವೆ. ಮಹಾಗಣಕಯಂತ್ರವೆಂದರೆ ಸಾವಿರಾರು ಸಂಸ್ಕಾರಕಗಳು ಒಂದಾಗಿ ದುಡಿಯುವ ಸಮೂಹ. ಹೊಲಕ್ಕೆ ನೂರು ಆಳುಗಳನ್ನು ಇಳಿಸಿ, ಎಲ್ಲರೂ ಒಂದೇ ಕುಡುಗೋಲಿಗಾಗಿ ಕಾದು ನಿಂತರೆ ಕೊಯ್ಲು ಬೇಗ ಮುಗಿಯುವುದೇ? ಕೆಲಸವನ್ನು ಹಂಚಬೇಕು, ಒಬ್ಬರಿಗಾಗಿ ಒಬ್ಬರು ಕಾಯುವ ಹೊತ್ತನ್ನು ತಗ್ಗಿಸಬೇಕು, ಬಂದ ಉತ್ತರವನ್ನು ಮೊದಲೇ ಬಲ್ಲ ಉತ್ತರದೊಡನೆ ಹೋಲಿಸಿ ಪರೀಕ್ಷಿಸಬೇಕು. ಜೀವಶಾಸ್ತ್ರವನ್ನೋ ಹವಾಮಾನಶಾಸ್ತ್ರವನ್ನೋ ಆಳವಾಗಿ ಓದಿದ ವಿದುಷಿಯು ಇವೆಲ್ಲವನ್ನೂ ಒಬ್ಬಳೇ ಅರಿತಿರಬೇಕೆಂಬ ನಿಯಮವುಂಟೆ? ವಿಜ್ಞಾನವನ್ನೂ ಬಲ್ಲ, ತಂತ್ರಾಂಶರಚನೆಯನ್ನೂ ಬಲ್ಲ ಸಹಾಯಕರ ಅವಶ್ಯಕತೆಯು ಹೀಗೆ ಒದಗಿತು. ಇಂಗ್ಲೆಂಡಿನಲ್ಲಿ 2012ರಲ್ಲಿ ಇವರಿಗೆ ಸಂಶೋಧನಾ ತಂತ್ರಾಂಶ ಇಂಜಿನಿಯರ್ ಎಂಬ ಹೆಸರನ್ನು ಕೊಡಲಾಯಿತು. ಹೆಸರಿಲ್ಲದ ವೃತ್ತಿಗೆ ಬಡ್ತಿಯೂ ಇಲ್ಲ, ಗೌರವವೂ ಇಲ್ಲವೆಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು.

ಇಂತಹ ಸಹಕಾರದ ಫಲವನ್ನು 2020ರ ಮಹಾಮಾರಿಯ ವರ್ಷದಲ್ಲಿ ಲೋಕವು ಕಂಡಿತು. ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರೋಮಿ ಅಮಾರೊ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ ಕೊರೋನಾ ವೈರಾಣುವಿನ ಹೊರಕವಚವನ್ನು 30 ಕೋಟಿ 50 ಲಕ್ಷ ಪರಮಾಣುಗಳ ರೂಪದಲ್ಲಿ ಗಣಕಯಂತ್ರದೊಳಗೆ ರಚಿಸಿ, ಓಕ್ ರಿಡ್ಜಿನಲ್ಲಿ ಅಂದು ಇದ್ದ ಸಮ್ಮಿಟ್ ಯಂತ್ರದಲ್ಲಿ ಅದರ ಚಲನೆಯನ್ನು ಲೆಕ್ಕಹಾಕಿದರು. ವೈರಾಣುವಿನ ಮುಳ್ಳುಗಳನ್ನು ಹೊದೆದ ಸಕ್ಕರೆಯ ಸರಪಳಿಗಳು ಬರಿಯ ಮರೆಯಲ್ಲ, ಮುಳ್ಳಿನ ತುದಿಯನ್ನು ತೆರೆದು ಹಿಡಿಯಲೂ ನೆರವಾಗುವುವೆಂಬುದನ್ನು ಅವರ ಸಂಶೋಧನೆಯು ತೋರಿತು. ಆ ವರ್ಷ ಗಾರ್ಡನ್ ಬೆಲ್ ವಿಶೇಷ ಬಹುಮಾನವು ಈ ತಂಡಕ್ಕೆ ಸಂದಿತು. ಲೆಕ್ಕಕ್ಕೆ ಆಧಾರವಾದ ನ್ಯಾಮ್ಡಿ ಎಂಬ ತಂತ್ರಾಂಶವನ್ನು ರೂಪಿಸಿದವರ ಹೆಸರುಗಳು ಪ್ರಬಂಧದ ಕರ್ತೃಗಳ ಸಾಲಿನಲ್ಲಿಯೇ ಇವೆ, ಅಡಿಟಿಪ್ಪಣಿಯಲ್ಲಿ ಅಲ್ಲ. 1955ಕ್ಕೂ 2020ಕ್ಕೂ ಇರುವ ಅಂತರವು ಯಂತ್ರದ ವೇಗದಲ್ಲಿ ಮಾತ್ರವಿಲ್ಲವೆಂಬುದನ್ನು ಸಭಿಕರು ಗಮನಿಸಬೇಕು.

ಆದರೂ ದಾರಿಯು ಪೂರ್ತಿ ಸವೆದಿಲ್ಲ. ನೆರವನ್ನು ಬೇಡುವ ಸ್ತ್ರೀಯನ್ನು ತಿಳಿಯದವಳೆಂದೂ, ನೆರವನ್ನು ನೀಡುವ ಸ್ತ್ರೀಯನ್ನು ಕೈಯಾಳೆಂದೂ ಎಣಿಸುವ ದುರಭ್ಯಾಸವು ಇನ್ನೂ ಅಲ್ಲಲ್ಲಿ ಉಳಿದಿದೆ. ಬೇಡುವುದು ವಿವೇಕ, ನೀಡುವುದು ವಿದ್ಯೆ. ಎರಡೂ ಸಮಾನವೆಂದು ಬಗೆದಲ್ಲಿ ಮಾತ್ರ ಸತ್ಯವು ಬೇಗ ಕೈಗೂಡುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ ಮಹಾಗಣಕಯಂತ್ರವು ಸ್ಥಾಪಿತವಾಯಿತು. ಇಂತಹ ಯಂತ್ರಗಳು ಇಂದು ದೂರದೇಶದ ಮಾತಾಗಿ ಉಳಿದಿಲ್ಲ. ಆದುದರಿಂದ, ಲೆಕ್ಕದಲ್ಲಿ ಒಲವುಳ್ಳ ಹೆಣ್ಣುಮಗುವು ಮನೆಯಲ್ಲಿದ್ದರೆ ತಾಯಿತಂದೆಗಳು ಆಕೆಯ ಓದನ್ನು ಅರ್ಧಕ್ಕೆ ನಿಲ್ಲಿಸದಿರಲಿ. ಆಕೆಯು ಪ್ರಶ್ನೆಯನ್ನು ಕೇಳುವವಳಾಗಲಿ, ಯಂತ್ರಕ್ಕೆ ಅದನ್ನು ತಿಳಿಸುವವಳಾಗಲಿ, ಒಂದು ಮಾರ್ಗವು ಇನ್ನೊಂದಕ್ಕಿಂತ ಕೀಳಲ್ಲ. ಮುಂದೊಂದು ದಿನ ಆಕೆಯ ದುಡಿಮೆಯು ಫಲಿಸಿದಾಗ, ಆಕೆಯ ಹೆಸರನ್ನು ಅರಸಲು 53 ವರ್ಷಗಳು ಬೇಕಾಗದಿರಲಿ.